ಬೋರಿನ ನೀರು, ಹಲ್ಲಿನ ಕಲೆ ಮತ್ತು ನಮಗೆ ತಲುಪದ ಮಾತು

ಜಗಳೂರು ಕಡೆಯ ಹಳ್ಳಿಗಳಿಂದ ದಾವಣಗೆರೆಗೆ ಓದಲು ಬರುವ ಮಕ್ಕಳಲ್ಲಿ ಕೆಲವರನ್ನು ನೀವು ಗಮನಿಸಿರಬಹುದು. ಮಾತಿನಲ್ಲಿ ಹಿಂದೆ ಬೀಳುವವರಲ್ಲ, ಓದಿನಲ್ಲೂ ಮುಂದೆ. ಆದರೆ ನಗು ಬಂದಾಗ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಮುಂದಿನ ಹಲ್ಲುಗಳ ಮೇಲೆ ಹಳದಿಯೋ ಕಂದೋ ಅಡ್ಡ ಪಟ್ಟಿಗಳು. ಹಾಸ್ಟೆಲಿನಲ್ಲಿ ಅವರಿಗೆ ಎದುರಾಗುವ ಪ್ರಶ್ನೆ ಒಂದೇ: "ಏನೋ, ಹಲ್ಲುಜ್ಜಲ್ವಾ? ಗುಟ್ಕಾ ಹಾಕ್ತೀಯಾ?"

ಓದುಗರೇ, ಈ ಪ್ರಶ್ನೆ ನಿಮ್ಮ ಬಾಯಿಂದಲೂ ಬಂದಿದ್ದರೆ ದಯವಿಟ್ಟು ಮುಂದಿನ ಸಾಲುಗಳನ್ನು ನಿಧಾನವಾಗಿ ಓದಿ. ಆ ಕಲೆ ಕೊಳೆಯಲ್ಲ. ಬ್ರಷ್ಷಿನಿಂದ, ಮಿಸ್ವಾಕಿನಿಂದ, ಇದ್ದಿಲಿನಿಂದ, ಇಟ್ಟಿಗೆ ಪುಡಿಯಿಂದ, ಯಾವುದರಿಂದಲೂ ಅದು ಹೋಗುವುದಿಲ್ಲ. ಹಾಗೆ ತಿಕ್ಕಿದರೆ ಮೇಲಿನ ಹೊಳಪಿನ ಪದರ ಸವೆದು ಹಲ್ಲು ಜುಮ್ಮೆನ್ನಲು ಶುರುವಾಗುತ್ತದೆ, ಅಷ್ಟೇ. ಅದು ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದಾಗ, ಮಗುವಿನ ಶಾಶ್ವತ ಹಲ್ಲುಗಳು ಒಸಡಿನ ಒಳಗೆ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಬೀಳುವ ಗುರುತು. ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಲೆಕ್ಕ ಹಲ್ಲಿನ ಮೇಲೆ ಬರೆದುಹೋಗುತ್ತದೆ. ಹದಿನೆಂಟರ ಹುಡುಗಿಗೆ "ಹಲ್ಲುಜ್ಜು" ಎಂದು ಹೇಳುವುದೆಂದರೆ ಅವಳು ಎರಡನೇ ತರಗತಿಯಲ್ಲಿದ್ದಾಗ ಊರಿನ ಬೋರಿಂಗ್ ಕೊಟ್ಟ ನೀರಿಗೆ ಈಗ ಅವಳನ್ನು ಬೈದಂತೆ.

ಗುರುತಿಸುವುದು ಕಷ್ಟವಲ್ಲ. ಕೊಳೆಯಾದರೆ ಒಸಡಿನ ಅಂಚಿನಲ್ಲಿ ಕೂರುತ್ತದೆ, ಎಲ್ಲೆಂದರಲ್ಲಿ ಇರುತ್ತದೆ, ದಂತವೈದ್ಯರು ಸ್ವಚ್ಛ ಮಾಡಿದರೆ ಹೋಗುತ್ತದೆ. ಫ್ಲೋರೈಡಿನ ಕಲೆ ಒಸಡಿನಿಂದ ದೂರ, ಹಲ್ಲಿನ ಮೈಮೇಲೆ ಅಡ್ಡಡ್ಡವಾಗಿ, ಎಡ ಬಲ ಜೋಡಿ ಹಲ್ಲುಗಳಲ್ಲಿ ಒಂದೇ ತರಹ ಕಾಣುತ್ತದೆ. ಮೊದಲು ಸುಣ್ಣದಂಥ ಬಿಳಿ, ಆಮೇಲೆ ಹಳದಿ, ಕಂದು, ಜೋರಾದರೆ ಸಣ್ಣ ಕುಳಿಗಳು.

ಇದು ಹಲ್ಲಿಗೇ ನಿಂತಿದ್ದರೆ ಅಂದಚೆಂದದ ವಿಷಯ ಎಂದು ಬಿಡಬಹುದಿತ್ತು. ನಿಲ್ಲುವುದಿಲ್ಲ. ವರ್ಷಗಟ್ಟಲೆ ಅದೇ ನೀರು ಕುಡಿದವರಿಗೆ ಮೂಳೆ, ಕೀಲು, ಬೆನ್ನು ಬಿಗಿಯುತ್ತವೆ. ಕುತ್ತಿಗೆ ತಿರುಗಿಸಲಾಗದು, ನೆಲದ ಮೇಲೆ ಕೂತು ಏಳಲಾಗದು, ನಮಾಜಿನಲ್ಲಿ ರುಕೂ ಸಜ್ದಾ ಕಷ್ಟವಾಗಿ ಕುರ್ಚಿ ಕೇಳಬೇಕಾಗುತ್ತದೆ. ಐವತ್ತು ದಾಟಿದವರು ಇದನ್ನು "ವಾಯು", "ವಯಸ್ಸಿನ ನೋವು" ಎಂದುಕೊಂಡು ನೋವಿನ ಮಾತ್ರೆ ನುಂಗುತ್ತಾರೆ. ಮಾತ್ರೆಯನ್ನು ನುಂಗುವುದೂ ಅದೇ ನೀರಿನಲ್ಲಿ.

ಈ ಲೇಖನ ಬರೆಯುತ್ತಿರುವುದು ಕಾಯಿಲೆಯ ವಿವರ ಕೊಡಲು ಮಾತ್ರವಲ್ಲ. ಬೋರಿನ ನೀರು ನಮ್ಮ ಮನೆಗೆ ಬಂದದ್ದು ಒಂದು ಸರ್ಕಾರಿ ನೀತಿಯಿಂದ. ಅದನ್ನು ನಂಬಿ ಕುಡಿದದ್ದು ಪ್ರಚಾರದಿಂದ. ಅದರ ದೋಷ ನಮಗೆ ತಿಳಿಯದೇ ಹೋದದ್ದು ಯಾರೂ ಸರಿಯಾಗಿ ಹೇಳದ ಕಾರಣ. ನೀತಿ ಮತ್ತು ಮಾತು ಹೇಗೆ ಒಂದು ಸೀಮೆಯ ಜನರ ಮೂಳೆಯವರೆಗೆ ಇಳಿಯುತ್ತವೆ ಎಂಬುದಕ್ಕೆ ಜಗಳೂರಿಗಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ನಮ್ಮ ಓದುಗರಲ್ಲಿ ಹಿರಿಯರಿಗೆ ಅಬ್ದುಲ್ ನಜೀರ್ ಸಾಬರ ಹೆಸರು ನೆನಪಿದ್ದೇ ಇರುತ್ತದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದವರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ಜನರೇ ಅವರನ್ನು "ನೀರ್ ಸಾಬ್" ಎಂದು ಕರೆದರು. 1988ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲೇ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಜನ ಒಬ್ಬ ಮಂತ್ರಿಗೆ ನೀರಿನ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅದಕ್ಕೆ ಮೊದಲು ನಮ್ಮ ಹಳ್ಳಿಗಳವರು ಕುಡಿಯುತ್ತಿದ್ದದ್ದು ಕೆರೆ, ಹೊಂಡ, ಮೆಟ್ಟಿಲು ಬಾವಿಗಳ ನೀರು. ವಾಂತಿಭೇದಿ ಬಂದರೆ ಒಂದೇ ಓಣಿಯಲ್ಲಿ ಹಲವು ಜನಾಜಾ ಏಳುತ್ತಿದ್ದ ಕಾಲ ಅದು. ನಾರುಹುಣ್ಣು ಎಂಬ ಕಾಯಿಲೆಯಲ್ಲಿ ಕಾಲಿನಿಂದ ಉದ್ದನೆಯ ಹುಳು ಹೊರಬರುತ್ತಿತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವುದು ನಿಂತದ್ದರಿಂದ, ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಮನೆಮನೆಗೆ ಹೇಳಿದ್ದರಿಂದ ಆ ಹುಳುವೇ ದೇಶ ಬಿಟ್ಟು ಹೋಯಿತು. ಭಾರತದ ಕೊನೆಯ ನಾರುಹುಣ್ಣು ಪ್ರಕರಣ 1996ರದು, 2000ದಲ್ಲಿ ದೇಶ ಅದರಿಂದ ಮುಕ್ತ ಎಂದು ಘೋಷಣೆಯಾಯಿತು.

ಹಾಗಾಗಿ "ಬೋರಿಂಗ್ ನೀರು ಶುದ್ಧ" ಎಂಬ ಮಾತು ಸುಳ್ಳಾಗಿರಲಿಲ್ಲ. ಶಾಲೆಯ ಗೋಡೆ, ರೇಡಿಯೋ, ಆರೋಗ್ಯ ಕಾರ್ಯಕರ್ತೆ, ಎಲ್ಲರೂ ಅದನ್ನೇ ಹೇಳಿದರು, ಜನ ನಂಬಿದರು, ಮಕ್ಕಳು ಬದುಕಿದರು. ನೀರ್ ಸಾಬರ ಪುಣ್ಯ ದೊಡ್ಡದು. ಅದನ್ನು ಈಗ ಯಾರಾದರೂ ಫ್ಲೋರೈಡಿನ ಹೆಸರಿನಲ್ಲಿ ಅಲ್ಲಗಳೆದರೆ ನಾನಂತೂ ಒಪ್ಪುವುದಿಲ್ಲ.

ತೊಂದರೆ ಆದದ್ದು ಆಮೇಲೆ. ಜಗಳೂರು ಮಳೆ ಕಡಿಮೆಯ ತಾಲ್ಲೂಕು. ಕುಡಿಯುವ ನೀರಿಗೆಂದು ಬಂದ ಬೋರು ಹೊಲಕ್ಕೂ ಬಂತು. ಒಂದು ಬತ್ತಿದರೆ ಪಕ್ಕದಲ್ಲಿ ಇನ್ನೂ ಆಳಕ್ಕೆ ಮತ್ತೊಂದು. ಕೆರೆಗಳು ಒಣಗಿ ಅಂತರ್ಜಲ ಇಳಿಯಿತು. ಈ ಸೀಮೆಯ ಕೆಳಗಿರುವುದು ಗಟ್ಟಿ ಕಲ್ಲು. ಅದರ ಬಿರುಕಿನಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನೊಳಗಿನ ಖನಿಜದಿಂದ ಫ್ಲೋರೈಡ್ ಕರಗಿ ಸೇರುತ್ತದೆ. ಮೇಲಿನಿಂದ ಮಳೆನೀರು ಇಂಗಿ ಬೆರೆತರೆ ಅದು ತೆಳುವಾಗುತ್ತಿತ್ತು. ಇಂಗುವುದು ನಿಂತಾಗ ದಟ್ಟವಾಯಿತು. ಇದು ಹೊಸ ಜ್ಞಾನವೇನಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಿಗಿದ ಜನರನ್ನು ಪರೀಕ್ಷಿಸಿ ನೀರಿನ ಫ್ಲೋರೈಡೇ ಕಾರಣವೆಂದು ವೈದ್ಯರು ಬರೆದದ್ದು 1937ರಲ್ಲಿ. ಬೋರು ಕೊರೆಯುವ ಯಂತ್ರ ನಮ್ಮ ಹಳ್ಳಿಗೆ ಬರುವ ಎಷ್ಟೋ ಮೊದಲೇ ಕಾಗದದಲ್ಲಿ ಎಲ್ಲವೂ ಇತ್ತು.

ಕಾಗದದಿಂದ ಮನೆಯ ಕೊಡದವರೆಗೆ ಆ ಮಾತು ಬರಲಿಲ್ಲ. "ಬೋರು ಶುದ್ಧ" ಎಂಬ ಮೊದಲನೇ ಮಾತಿಗೆ ಸಿಕ್ಕ ಗೋಡೆ, ಮೈಕು, ಹಣ "ಎಲ್ಲ ಬೋರೂ ಶುದ್ಧವಲ್ಲ" ಎಂಬ ಎರಡನೇ ಮಾತಿಗೆ ಸಿಗಲಿಲ್ಲ. ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಕಣ್ಣಿಗೆ ಕಾಣುವ ಕೆಸರಾದರೆ ಅಜ್ಜಿಯೂ ಸೋಸಿಯಾಳು. ಇದಕ್ಕೆ ಯಾರಾದರೂ ಹೇಳಲೇಬೇಕು. ಪರೀಕ್ಷೆ ನಡೆದರೂ ಪ್ರಯೋಗಾಲಯದ ವರದಿ ಎಂಜಿನಿಯರರ ಕಡತಕ್ಕೆ ಹೋಗುತ್ತದೆ, ಪಂಚಾಯಿತಿಗೆ ಒಂದು ಪ್ರತಿ ಬರುತ್ತದೆ. ಅದರಲ್ಲಿರುವುದು ಒಂದು ಅಂಕಿ. ಆ ಅಂಕಿಯ ಅರ್ಥ ಹೇಳುವವರು ನೀರು ತುಂಬುವ ಹೆಂಗಸರ ಬಳಿ ಬರುವುದಿಲ್ಲ.

ಅಂಕಿಯ ಅರ್ಥ ಇಷ್ಟೇ, ಬರೆದಿಟ್ಟುಕೊಳ್ಳಿ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಅದನ್ನು ದಾಟಿದರೆ ಮಕ್ಕಳ ಹಲ್ಲು, 3ರಿಂದ ಮೇಲೆ ಹೋದರೆ ಕಾಲಕ್ರಮದಲ್ಲಿ ಮೂಳೆ.

ಬಾಂಗ್ಲಾದೇಶದಲ್ಲೂ ಇದೇ ಕಥೆ, ಇನ್ನೂ ಭೀಕರವಾಗಿ. ವಾಂತಿಭೇದಿ ತಪ್ಪಿಸಲು ಯುನಿಸೆಫ್ ನೆರವಿನಿಂದ ಊರೂರಿಗೆ ಕೊಳವೆಬಾವಿ ಹಾಕಿದರು, ಮಕ್ಕಳ ಸಾವು ಇಳಿಯಿತು. 1990ರ ದಶಕದಲ್ಲಿ ನೋಡಿದರೆ ಆ ನೀರಿನಲ್ಲಿ ಆರ್ಸೆನಿಕ್. ಆಗ ಅಲ್ಲಿ ಮಾಡಿದ ಒಂದು ಸರಳ ಕೆಲಸ ಗಮನಿಸಿ. ಲಕ್ಷಾಂತರ ಕೊಳವೆಬಾವಿಗಳನ್ನು ಪರೀಕ್ಷಿಸಿ ಪಂಪಿನ ಮೂತಿಗೆ ಬಣ್ಣ ಬಳಿದರು: ಕೆಂಪಾದರೆ ಕುಡಿಯಬೇಡಿ, ಹಸಿರಾದರೆ ಕುಡಿಯಿರಿ. ಅಕ್ಷರ ಬಾರದ ತಾಯಿಗೂ ಅರ್ಥವಾಗುವ ಮಾತು. ಎಷ್ಟೋ ಕುಟುಂಬಗಳು ಪಕ್ಕದ ಹಸಿರು ಪಂಪಿಗೆ ಹೋಗಲು ಶುರುಮಾಡಿದವು. ಸಮಸ್ಯೆ ಪೂರ್ತಿ ತೀರಲಿಲ್ಲ, ಬಣ್ಣ ಮಾಸಿದ ಮೇಲೆ ಮತ್ತೆ ಬಳಿಯದ ಊರುಗಳೂ ಇವೆ. ಆದರೂ ಒಂದು ಡಬ್ಬಿ ಪೇಂಟು ಮಾಡಿದ್ದನ್ನು ಎಷ್ಟೋ ದಪ್ಪ ವರದಿಗಳು ಮಾಡಲಿಲ್ಲ.

ನಮ್ಮಲ್ಲಿ ಪೇಂಟಿಗಿಂತ ಜೋರಾಗಿ ಮಾತಾಡಿದ್ದು ಟೂತ್‌ಪೇಸ್ಟ್ ಜಾಹೀರಾತು. ಟಿ.ವಿ.ಯಲ್ಲಿ ಹಾಲುಬಿಳಿ ಹಲ್ಲಿನ ಕುಟುಂಬ ದಿನಕ್ಕೆ ಹತ್ತು ಸಲ ನಗುತ್ತದೆ. ಅದನ್ನು ನೋಡಿ ಬೆಳೆದ ಮಗುವಿಗೆ ಬಿಳಿ ಹಲ್ಲು ಎಂದರೆ ಸ್ವಚ್ಛ, ಕಲೆ ಎಂದರೆ ಕೊಳಕು. ಶಾಲೆಯ ಪಾಠ, ನಮ್ಮದೇ ಜುಮಾ ಭಾಷಣಗಳ ಶುಚಿತ್ವದ ಬೋಧನೆ, ಎರಡೂ ತಿಳಿಯದೇ ಅದಕ್ಕೆ ಜೊತೆಗೂಡುತ್ತವೆ. ಫ್ಲೋರೈಡ್ ಪೀಡಿತ ಊರುಗಳಲ್ಲಿ ಹಲ್ಲು ನೋಡಿ ಹೆಣ್ಣು ಬೇಡವೆಂದು ಎದ್ದುಹೋದವರ ಮಾತು ಕೇಳಿಬರುತ್ತಲೇ ಇರುತ್ತದೆ. ನೀರಿನ ದೋಷ ಹುಡುಗಿಯ ದೋಷವಾಗಿ ಎಣಿಕೆಯಾಗುವುದು ಹೀಗೆ. ಅದೇ ಪೇಸ್ಟಿನ ಡಬ್ಬಿಯ ಮೇಲೆ "ಫ್ಲೋರೈಡ್ ಇದೆ" ಎಂದು ಹೆಮ್ಮೆಯಿಂದ ಅಚ್ಚು ಹಾಕಿರುವುದನ್ನು ನೋಡಿ ಓದಿದವರಿಗೂ ಗೊಂದಲ. ಇದು ಪ್ರಮಾಣದ ವಿಷಯ. ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ಎಂಬ ಊರಿನಲ್ಲಿ ಹಲ್ಲು ಹುಳುಕಾಗದಿರಲೆಂದು 1945ರಿಂದ ನಲ್ಲಿ ನೀರಿಗೆ ಫ್ಲೋರೈಡನ್ನು ಬೇಕೆಂದೇ ಬೆರೆಸಿದರು. ಈಗ ಆ ದೇಶದಲ್ಲಿ ಹೇಳುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಅಲ್ಲಿ ಕೊರತೆ, ಇಲ್ಲಿ ಅತಿ. ನಮ್ಮ ಮಕ್ಕಳಿಗೆ ಪೇಸ್ಟ್ ಕಡಲೆಕಾಳಿಗಿಂತ ಹೆಚ್ಚು ಬೇಡ, ಅದನ್ನು ನುಂಗದೆ ಉಗುಳುವಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಈಗ ಸರ್ಕಾರ ಏನೂ ಮಾಡಿಲ್ಲವೇ ಎಂದರೆ, ಮಾಡಿದೆ. 2013ರ ನಂತರ, ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ, ರಾಜ್ಯದ ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಜನ ಅದನ್ನು "ಫಿಲ್ಟರ್ ನೀರು" ಎನ್ನುತ್ತಾರೆ. ಘಟಕ ಸರಿಯಾಗಿ ನಡೆದರೆ ಫ್ಲೋರೈಡ್ ಬಹುಪಾಲು ಹೋಗುತ್ತದೆ. ಆದರೆ ಹಲವು ಕಡೆ ಅದು ಕೆಟ್ಟು ತಿಂಗಳುಗಟ್ಟಲೆ ಬಾಗಿಲು ಹಾಕಿರುತ್ತದೆ, ಕರೆಂಟ್ ಹೋದರೆ ನೀರಿಲ್ಲ, ಒಳಗಿನ ಪೊರೆ ಕಾಲಕಾಲಕ್ಕೆ ಬದಲಿಸದಿದ್ದರೆ ಬರುವುದು ಹೆಸರಿಗಷ್ಟೇ ಶುದ್ಧ.

ಇಲ್ಲೂ ಒಂದು ಮಾತು ಅರ್ಧ ತಲುಪಿದೆ. "ಕುಡಿಯಲು ಫಿಲ್ಟರ್ ನೀರು" ಎಂದರು, ಜನ ಅಕ್ಷರಶಃ ಕುಡಿಯಲು ಮಾತ್ರ ಇಟ್ಟುಕೊಂಡರು. ಅನ್ನ, ಬೇಳೆ, ಚಹಾ, ಮುದ್ದೆಯ ಎಸರು ಎಲ್ಲವೂ ಬೋರಿನ ನೀರಿನಲ್ಲೇ. ಅಡುಗೆಯಲ್ಲಿ ಹೋಗುವ ನೀರೂ ಹೊಟ್ಟೆಗೇ ಹೋಗುತ್ತದಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. "ಕುದಿಸಿ ಆರಿಸಿದ ನೀರು ಕುಡಿಯಿರಿ" ಎಂಬ ಒಳ್ಳೆಯ ಸಲಹೆ ಈ ಒಂದು ವಿಷಯದಲ್ಲಿ ಕೆಲಸಕ್ಕೆ ಬಾರದು. ಆದ್ದರಿಂದ ಕ್ಯಾನಿನ ನೀರು ಮೊದಲು ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ, ಆಮೇಲೆ ಅಡುಗೆಗೆ. ಸ್ನಾನ, ಬಟ್ಟೆ, ಪಾತ್ರೆ, ವುಜೂ ಮಾಡಲು ಬೋರಿನ ನೀರೇ ಸಾಕು. ಫ್ಲೋರೈಡ್ ಚರ್ಮದಿಂದ ಒಳಗೆ ಇಳಿದು ತೊಂದರೆ ಕೊಡುವುದಿಲ್ಲ, ಬಾಯಿ ಮುಕ್ಕಳಿಸಿ ಉಗುಳಿದರೂ ಭಯವಿಲ್ಲ.

ಮತ್ತೊಂದು ಎಚ್ಚರಿಕೆ. ಮನೆಬಾಗಿಲಿಗೆ ಬರುವ ಫಿಲ್ಟರ್ ಮಾರುವವರು ಎರಡು ಆಟ ತೋರಿಸುತ್ತಾರೆ. ಒಂದು, ಪೆನ್ನಿನಂಥ ಟಿ.ಡಿ.ಎಸ್. ಮೀಟರ್ ಅದ್ದಿ "ನೋಡಿ, ನಿಮ್ಮ ನೀರು ವಿಷ" ಎನ್ನುವುದು. ಆ ಮೀಟರ್ ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡ್ ಎಷ್ಟೆಂದು ಹೇಳಲಾರದು. ಇನ್ನೊಂದು, ಎರಡು ಲೋಟದ ನೀರಿಗೆ ಕರೆಂಟಿನ ಕಡ್ಡಿ ಇಳಿಸಿ ನಿಮ್ಮ ನೀರು ಕೆಂಪು ಕೆಸರಾಗುವುದನ್ನು ತೋರಿಸುವುದು. ಆ ಕೆಸರು ಕರಗಿದ ಕಬ್ಬಿಣದ ಕಡ್ಡಿಯದು. ಫಿಲ್ಟರ್ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಕೆಸರೂ ಬರುವುದಿಲ್ಲ. ಮಾತು ಬಲ್ಲವನ ಕೈಯಲ್ಲಿ ಸುಳ್ಳು ಎಷ್ಟು ಬೇಗ ಮಾರಾಟವಾಗುತ್ತದೆ ನೋಡಿ, ನಿಜವಾದ ವರದಿಯ ಅಂಕಿ ಮಾತ್ರ ಕಡತದಲ್ಲೇ ಕೂತಿರುತ್ತದೆ.

ದೊಡ್ಡ ಪರಿಹಾರ ಕೆರೆಯಲ್ಲಿದೆ. ಮೇಲ್ಮೈ ನೀರಿನಲ್ಲಿ, ಮಳೆನೀರಿನಲ್ಲಿ ಫ್ಲೋರೈಡಿನ ಕಾಟ ಇಲ್ಲವೆಂದೇ ಹೇಳಬಹುದು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯನ್ನು ನೀವು ಕೇಳಿರುತ್ತೀರಿ. 2018ರಲ್ಲಿ ತರಳಬಾಳು ಹುಣ್ಣಿಮೆ ಜಗಳೂರಿನಲ್ಲೇ ನಡೆದಾಗ ಸಿರಿಗೆರೆಯ ಶ್ರೀಗಳು ಈ ಬೇಡಿಕೆಯನ್ನು ವೇದಿಕೆಯ ಮೇಲೆ ಇಟ್ಟರು, ಪತ್ರಿಕೆಗಳು ಬರೆದವು, "57 ಕೆರೆ" ಎಂಬ ಅಂಕಿ ಮಕ್ಕಳ ಬಾಯಲ್ಲೂ ಬಂತು. ಒಂದು ಖಚಿತ ಅಂಕಿ, ಒಂದು ದೊಡ್ಡ ವೇದಿಕೆ, ಬಿಡದೆ ಹೇಳುವ ಒಬ್ಬರು, ಇವಿಷ್ಟಿದ್ದರೆ ಸರ್ಕಾರಕ್ಕೂ ಕಿವಿ ಬರುತ್ತದೆ. ಇನ್ನು ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಿಸಿದರು. ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತಲೇ ಬಂತು. ಘೋಷಣೆಯ ದಿನ ಮುಖಪುಟದಲ್ಲಿ ಬಂದ ಸುದ್ದಿ, ಹಣ ಬಾರದ ದಿನಗಳಲ್ಲಿ ಒಳಪುಟಕ್ಕೆ ಸರಿಯುತ್ತದೆ. ಈ ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಜಗಳೂರಿನವರೇ ಆದ ಜೆ. ಮೊಹಮ್ಮದ್ ಇಮಾಂ ಸಾಹೇಬರು ಆ ಕ್ಷೇತ್ರದಿಂದ 1957ರಲ್ಲೂ 1967ರಲ್ಲೂ ಲೋಕಸಭೆಗೆ ಹೋದವರು. ದಿಲ್ಲಿಯವರೆಗೆ ದನಿ ಮುಟ್ಟಿಸಿದ ಊರು ಇದು, ತನ್ನ ಪಂಚಾಯಿತಿಯನ್ನು ಕೇಳಲು ಹಿಂಜರಿಯಬೇಕಿಲ್ಲ.

ಕೆರೆ ತುಂಬುವವರೆಗೆ ಕಾಯುವ ಹೊತ್ತು ಮಕ್ಕಳ ಹಲ್ಲಿಗಿಲ್ಲ. ಹಾಗಾದರೆ ಮಾತು ತಲುಪಿಸುವವರು ಯಾರು? ಪೋಲಿಯೊ ವಿಷಯ ನೆನಪಿಸಿಕೊಳ್ಳಿ. 2002ರ ಸುಮಾರಿಗೆ ಉತ್ತರ ಪ್ರದೇಶದಲ್ಲಿ ಪೋಲಿಯೊ ಜೋರಾಗಿ ಹರಡಿತು, ನಮ್ಮ ಸಮುದಾಯದ ಮಕ್ಕಳೇ ಅದರಲ್ಲಿ ಹೆಚ್ಚು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಪುಕಾರು ಬಾಗಿಲು ಮುಚ್ಚಿಸಿತ್ತು. ಟಿ.ವಿ. ಜಾಹೀರಾತಿಗೆ ತೆರೆಯದ ಆ ಬಾಗಿಲು, ಇಮಾಮರು ಮಸೀದಿಯ ಮೈಕಿನಲ್ಲಿ ಹೇಳಿದಾಗ, ಅದೇ ಓಣಿಯ ಹೆಣ್ಣುಮಗಳು ಉರ್ದುವಿನಲ್ಲಿ ಮಾತಾಡಿಸಿದಾಗ ತೆರೆಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿಯದು, 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ನಮ್ಮ ಮನೆಗಳಲ್ಲಿ ಅಮ್ಮಿ, ನಾನಿ ಮಾತಾಡುವುದು ದಖನಿ, ನೀರಿನ ಬಗ್ಗೆ ಬರುವ ಕರಪತ್ರ ಕಚೇರಿ ಕನ್ನಡ. "ಅನುಮತಿಸಬಹುದಾದ ಗರಿಷ್ಠ ಪ್ರಮಾಣ" ಎಂದರೆ ಕನ್ನಡ ಮನೆಮಾತಿನವರಿಗೇ ಅರ್ಥವಾಗದು. "ಇಸ್ ಬೋರಿಂಗ್ ಕಾ ಪಾನಿ ಬಚ್ಚೋಂ ಕು ನಕ್ಕೊ" ಎಂದು ಜುಮಾ ದಿನ ಒಂದು ಸಾಲು ಹೇಳಿದರೆ ಸಾಕು.

ಮದರಸಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಆ ಎಂಟರ ಒಳಗಿನವರು. ಅಲ್ಲಿ ಕುಡಿಯಲು ಇಟ್ಟಿರುವ ಮಡಕೆಗೆ ಯಾವ ನೀರು ತುಂಬುತ್ತಾರೆ ಎಂದು ಮಸೀದಿ ಕಮಿಟಿಯವರು ಒಮ್ಮೆ ನೋಡಲಿ. ದಿನಕ್ಕೆ ಎರಡು ಕ್ಯಾನು ಸಾಕಾಗಬಹುದು. ರಮಜಾನಿನ ಶರಬತ್ತು, ಗಂಜಿ, ಚಹಾ ಎಲ್ಲಕ್ಕೂ ಅದೇ ನೀರಾಗಲಿ. ಚಾವಣಿಯಿರುವ ಮಸೀದಿಗೆ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸುವುದು ಮಿನಾರಕ್ಕೆ ಹೊಸ ಲೈಟ್ ಹಾಕಿಸುವುದಕ್ಕಿಂತ ಅಗತ್ಯದ್ದು ಎಂದು ನನ್ನ ಅನಿಸಿಕೆ. ತೊಟ್ಟಿಗೆ ಮುಚ್ಚಳವಿರಲಿ, ಮೊದಲ ಮಳೆಯ ನೀರು ಹೊರಗೆ ಹೋಗಲಿ.

ಊಟದಲ್ಲಿ ಸುಣ್ಣದ ಅಂಶ ಮತ್ತು ಸಿ ಜೀವಸತ್ವ ಇದ್ದರೆ ಫ್ಲೋರೈಡಿನ ಹೊಡೆತ ಸ್ವಲ್ಪ ತಗ್ಗುತ್ತದೆ. ರಾಗಿ, ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ. ಹುಣಸೆಹಣ್ಣು ಮೂತ್ರದ ಮೂಲಕ ಹೆಚ್ಚು ಫ್ಲೋರೈಡ್ ಹೊರಹಾಕುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಕಂಡಿದ್ದಾರೆ. ಹಾಗೆಂದು ಸಾರಿಗೆ ಹುಣಸೆ ಹೆಚ್ಚಿಸಿ ಬೋರಿನ ನೀರನ್ನೇ ಕುಡಿಯುತ್ತಾ ಕೂರಬೇಡಿ. ಚಹಾ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ, ಹಾಲಿಲ್ಲದ ಗಟ್ಟಿ ಚಹಾ ಮಕ್ಕಳಿಗೆ ಬೇಡ. ಕಲೆ ಬಿದ್ದ ಹಲ್ಲಿಗೆ ದಂತವೈದ್ಯರಲ್ಲಿ ಮೇಲ್ಪದರ ಹಾಕಿಸಿ ಮರೆಮಾಡುವ ಚಿಕಿತ್ಸೆಯಿದೆ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ.

ನಿಮ್ಮ ಊರಿನ ನೀರನ್ನು ಪರೀಕ್ಷಿಸಲು ಯಾರಿಗೂ ಅಂಗಲಾಚಬೇಕಿಲ್ಲ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್, ನಮ್ಮಲ್ಲಿ "ಮನೆ ಮನೆಗೆ ಗಂಗೆ" ಎನ್ನುತ್ತಾರಲ್ಲ ಅದು, ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಪರೀಕ್ಷಾ ಕಿಟ್ ಬಳಸಲು ಕಲಿಸಬೇಕೆಂದು ಹೇಳುತ್ತದೆ. ನಿಮ್ಮ ಊರಿನ ಆ ಐವರು ಯಾರು, ಕಿಟ್ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಪಿ.ಡಿ.ಒ. ಅವರನ್ನು ಕೇಳಿ. ಐವರಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಇರಲಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಹಳೆಯ ವರದಿ ಕೊಡಲು ಒಲ್ಲೆ ಎಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಸಾಕು. ಬಂದ ಅಂಕಿಯನ್ನು ನೀರುಗಂಟಿಯ ಸಹಾಯದಿಂದ ಆಯಾ ಬೋರಿನ, ಸಿಸ್ಟನ್ನಿನ ಮೇಲೆ ದೊಡ್ಡದಾಗಿ ಬರೆಸಿ, 1.5 ದಾಟಿದ್ದರೆ ಕೆಂಪಿನಲ್ಲಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿದರೆ ಏರಿಳಿತ ತಿಳಿಯುತ್ತದೆ.

ನೀರು ಒಯ್ಯುವಾಗ ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಿ ಅಂಕಿ ತಪ್ಪುತ್ತದೆ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ಬೋರಿನ ನೀರಿನಿಂದ ಎರಡು ಮೂರು ಸಲ ತೊಳೆದು, ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ ತುಂಬಿ, ಬೋರಿರುವ ಜಾಗ, ಆಳ, ತಾರೀಖು ಬರೆದ ಚೀಟಿ ಅಂಟಿಸಿ ಕೊಡಿ.